ದ್ವೀಪವಿಹಾರವೂ ದಿಗ್ವ್ರತದ ಎಲ್ಲೆಯೂ

'ವಿಹಾರ'ವೆಂಬ ಒಂದೇ ಶಬ್ದವು ಕನ್ನಡದಲ್ಲಿ ಪರಸ್ಪರ ವಿರುದ್ಧವಾದ ಎರಡು ಅರ್ಥಗಳನ್ನು ಹೊತ್ತು ನಿಂತಿದೆ. ಮುನಿಗಳ ವಿಹಾರವೆಂದರೆ ಬರಿಗಾಲಿನಲ್ಲಿ, ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಹಸ್ತದಷ್ಟು ನೆಲವನ್ನು ನೋಡುತ್ತ ನಡೆಯುವುದು. ಒಂದು ಸ್ಥಳದ ಮೇಲೆ ಮೋಹ ಬೆಳೆಯಬಾರದೆಂದು ಅವರು ಊರು ಬಿಡುತ್ತಾರೆ. ಜೀವರಾಶಿ ಹೆಚ್ಚಿರುವ ಮಳೆಗಾಲದಲ್ಲಿ ಆ ನಡೆಯನ್ನೂ ನಿಲ್ಲಿಸುತ್ತಾರೆ. ಗೃಹಸ್ಥರ ವಿಹಾರವೆಂದರೆ ಮನಸ್ಸಿಗೆ ಹಿತವಾದ ಸ್ಥಳವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಕೆಲವು ದಿನ ಸುಖವಾಗಿದ್ದು ಬರುವುದು. ಮೊದಲನೆಯದಕ್ಕೆ ಸಿದ್ಧತೆಯೇ ಬೇಡ. ಪಿಂಛಿ ಕಮಂಡಲುಗಳಿದ್ದರೆ ಸಾಕು. ಎರಡನೆಯದಕ್ಕೆ ಸಿದ್ಧತೆಯೇ ಮುಕ್ಕಾಲು ಭಾಗ. ಈಗಂತೂ ಒಂದು ವಾರದ ಪ್ರವಾಸಕ್ಕೆ ಆರು ತಿಂಗಳ ಯೋಜನೆ ನಡೆಯುತ್ತದೆ. ಈ ಯೋಜನೆಯ ಕಾಲದಲ್ಲಿ ವ್ರತಗಳ ಸ್ಥಿತಿ ಏನಾಗುತ್ತದೆ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಒಂದು ಶ್ರಾವಕ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆತಾಯಿಗಳು ಹಾಸನದ ಕಡೆಯವರು. ಮಗ ಅಮೇರಿಕದ ನ್ಯೂಜೆರ್ಸಿಯಲ್ಲಿ ಉದ್ಯೋಗಸ್ಥ. ಸೊಸೆ, ಇಬ್ಬರು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಇಂಥ ಮನೆಗಳು ಇಂದು ನಮ್ಮ ಸಮಾಜದಲ್ಲಿ ಅಪರೂಪವಲ್ಲ. ಈ ಸಲ ಎಲ್ಲರೂ ಒಟ್ಟಿಗೆ ಕೆರೀಬಿಯನ್ ಸಮುದ್ರದ ಟೊಬೇಗೊ ದ್ವೀಪದಲ್ಲಿ ಒಂದು ವಾರ ಕಳೆಯಬೇಕು, ಅಪ್ಪ ಅಮ್ಮ ಮೊದಲು ಅಮೇರಿಕಕ್ಕೆ ಬರಬೇಕು, ಅಲ್ಲಿಂದ ಕೂಡಿ ಹೊರಡಬೇಕು ಎಂದು ಮಗನ ಆಸೆ. ತಂದೆಗೆ ಅಡ್ಡಿಯಿಲ್ಲ. ಆದರೆ ತಾಯಿಯವರು ಇಪ್ಪತ್ತು ವರ್ಷಗಳ ಹಿಂದೆ ಮುನಿಮಹಾರಾಜರ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದಾರೆ. ಉತ್ತರಕ್ಕೆ ಹಿಮಾಲಯ, ಪೂರ್ವಕ್ಕೆ ಸಮ್ಮೇದಶಿಖರ್ಜಿ, ಪಶ್ಚಿಮಕ್ಕೆ ಗಿರನಾರ್, ದಕ್ಷಿಣಕ್ಕೆ ಕಡಲು: ಇವೇ ಅವರ ಎಲ್ಲೆಗಳು. ಆಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ. ಅವನು ಒಂದು ದಿನ ಆ ಎಲ್ಲೆಯ ಆಚೆ ಮನೆ ಮಾಡುವನೆಂದು ಯಾರೂ ಎಣಿಸಿರಲಿಲ್ಲ.

ಟೊಬೇಗೊ ಸಣ್ಣ ದ್ವೀಪ. ಸುಮಾರು ೩೦೦ ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. ದೊಡ್ಡದಾದ ಟ್ರಿನಿಡಾಡ್ ದ್ವೀಪದೊಂದಿಗೆ ಸೇರಿ ೧೯೬೨ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಗಿ, ೧೯೭೬ರಲ್ಲಿ ಗಣರಾಜ್ಯವಾಯಿತು. ಕರ್ಣಾಟಕದಿಂದ ಅಲ್ಲಿಗೆ ೧೪ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ. ನ್ಯೂಯಾರ್ಕಿನಿಂದಾದರೋ ಟ್ರಿನಿಡಾಡಿಗೆ ವಿಮಾನದಲ್ಲಿ ಸುಮಾರು ಐದು ಗಂಟೆ, ಮುಂದೆ ಟೊಬೇಗೊಗೆ ಅರ್ಧ ಗಂಟೆಯೊಳಗಿನ ಹಾರಾಟ. ಬಿಳಿಯ ಮರಳು, ತಿಳಿಯಾದ ನೀರು, ಬುಕ್ಕೂ ಎಂಬಲ್ಲಿ ಹವಳದ ದಿಬ್ಬ, ಬೆನ್ನೆಲುಬಿನಂತೆ ಹಬ್ಬಿದ ಬೆಟ್ಟಸಾಲಿನ ಮೇಲೆ ದಟ್ಟವಾದ ಅಡವಿ. ಅಮೇರಿಕದಲ್ಲಿ ಹಿಮ ಬೀಳುವ ಕಾಲದಲ್ಲಿ ಜನ ಅಲ್ಲಿಗೆ ಹೋಗಬಯಸುವುದು ಆಶ್ಚರ್ಯವಲ್ಲ. ಅದರ ಅಕ್ಷಾಂಶಕ್ಕೂ ಶ್ರವಣಬೆಳಗೊಳದ ಅಕ್ಷಾಂಶಕ್ಕೂ ಎರಡು ಡಿಗ್ರಿಯ ಅಂತರವೂ ಇಲ್ಲ. ಬಿಸಿಲು, ತೆಂಗು, ಹಗಲಿರುಳಿನ ಪ್ರಮಾಣ ಎಲ್ಲವೂ ಬಹುಮಟ್ಟಿಗೆ ನಮ್ಮಲ್ಲಿಯಂತೆಯೇ. ಆದ್ದರಿಂದಲೇ ಸೊಸೆ ಫೋನಿನಲ್ಲಿ, "ನಿಮಗೆ ಹೊಸ ಹವೆ ಅನ್ನಿಸೋದೇ ಇಲ್ಲ ಅತ್ತೆ, ನಮ್ಮೂರಿನ ಹಾಗೇ ಇದೆ" ಎಂದು ಹೇಳಿದರೆ ಅದು ಸುಳ್ಳಲ್ಲ. ಆದರೆ ದಿಗ್ವ್ರತವು ಹವೆಯನ್ನು ಕುರಿತದ್ದಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅಣುವ್ರತಗಳ ತರುವಾಯ ದಿಗ್ವಿರತಿಯನ್ನು ಮೊದಲು ಹೇಳಿದ್ದಾರೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಸ್ವರೂಪವನ್ನು ಬಿಡಿಸಿ ತಿಳಿಸಿದ್ದಾರೆ. ಹತ್ತು ದಿಕ್ಕುಗಳಿಗೂ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅದರಾಚೆಗೆ ಹೋಗುವುದಿಲ್ಲವೆಂದು ಮರಣಪರ್ಯಂತವಾಗಿ ಸಂಕಲ್ಪಿಸುವುದೇ ದಿಗ್ವ್ರತ. ಎಲ್ಲೆಗಳು ಎಲ್ಲರಿಗೂ ತಿಳಿದ ಸಮುದ್ರ, ನದಿ, ಅಡವಿ, ಪರ್ವತ, ದೇಶಗಳಾಗಿರಬೇಕು, ಅಥವಾ ಇಷ್ಟು ಯೋಜನವೆಂಬ ಲೆಕ್ಕವಾಗಿರಬೇಕು. ಹೀಗೆ ಪ್ರಸಿದ್ಧವಾದ ಗಡಿಯನ್ನೇ ಏಕೆ ಹೇಳಿದರು? ಮನಸ್ಸು ಎಳೆದ ಕಡೆಗೆ ಸರಿಯುವ ಗಡಿ ಗಡಿಯಲ್ಲ. ಬೆಟ್ಟ ಸರಿಯುವುದಿಲ್ಲ, ಸಮುದ್ರ ಸರಿಯುವುದಿಲ್ಲ. ಈ ವ್ರತದ ಫಲವನ್ನು ಅವರು ಹೇಳುವ ರೀತಿಯೂ ವಿಶೇಷವಾದುದು. ಎಲ್ಲೆಯ ಹೊರಗೆ ಸೂಕ್ಷ್ಮಪಾಪಗಳೂ ನಿಂತುಹೋಗುವುದರಿಂದ ಅಲ್ಲಿಯ ಮಟ್ಟಿಗೆ ಗೃಹಸ್ಥನ ಅಣುವ್ರತಗಳು ಮಹಾವ್ರತಗಳ ಸಾದೃಶ್ಯವನ್ನು ಹೊಂದುತ್ತವೆ. ಒಳಗೆ ಒಲೆ ಹಚ್ಚಬೇಕು, ನೀರು ಸೇದಬೇಕು, ಹೊಲ ಉಳಬೇಕು, ಹಿಂಸೆ ತಪ್ಪದು. ಹೊರಗಾದರೋ ಆಕೆಯ ಕಾಲಿನಿಂದ ಒಂದು ಇರುವೆಯೂ ಸಾಯುವುದಿಲ್ಲ, ಆಕೆಯ ಬಾಯಾರಿಕೆಗೆ ಒಂದು ಹನಿ ನೀರೂ ಕದಡುವುದಿಲ್ಲ. ಹಾಸನದ ಮನೆಯಲ್ಲಿ ಅಡಿಗೆ ಮಾಡುತ್ತಿರುವ ಆ ಮಹಿಳೆ ಟೊಬೇಗೊ ದ್ವೀಪದ ಸಮಸ್ತ ಜೀವರಾಶಿಗೆ ಇಪ್ಪತ್ತು ವರ್ಷಗಳಿಂದ ಅಭಯವನ್ನು ಕೊಟ್ಟಿದ್ದಾರೆ. ದ್ವೀಪದ ಹೆಸರನ್ನು ಅವರು ಕೇಳಿರಲಿಲ್ಲವೆಂಬುದರಿಂದ ಆ ಅಭಯಕ್ಕೆ ಕೊರತೆಯಿಲ್ಲ.

ಇನ್ನು ಯೋಜನೆ ಮಾಡುವವರು ಹೂಡುವ ವಾದಗಳನ್ನು ನೋಡಬೇಕು. ಅವುಗಳಲ್ಲಿ ಅತ್ಯಂತ ಚತುರವಾದುದು ವಿನಿಮಯದ ವಾದ. "ಅಮ್ಮನಿಗೆ ಮಂಡಿನೋವು. ಶಿಖರ್ಜಿಯ ಬೆಟ್ಟವನ್ನು ಇನ್ನು ಹತ್ತುವಂತಿಲ್ಲ. ಪೂರ್ವದಿಕ್ಕಿನಲ್ಲಿ ಅಷ್ಟು ದೂರವನ್ನು ಬಿಟ್ಟುಕೊಟ್ಟು ಪಶ್ಚಿಮದಲ್ಲಿ ಸೇರಿಸಿಕೊಂಡರೆ ಒಟ್ಟು ಲೆಕ್ಕ ಸರಿಹೋಗುತ್ತದೆಯಲ್ಲ" ಎನ್ನುತ್ತಾನೆ ಮಗ. ಲೆಕ್ಕವೂ ಸರಿಹೋಗುವುದಿಲ್ಲ; ಶಿಖರ್ಜಿಗೆ ಎರಡು ಸಾವಿರ ಕಿಲೋಮೀಟರಿನ ಆಸುಪಾಸು, ಟೊಬೇಗೊಗೆ ಅದರ ಏಳುಪಟ್ಟು. ಅದು ಹಾಗಿರಲಿ. ಈ ವಾದ ಹೊಸದಲ್ಲ, ಆಚಾರ್ಯರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ದಿಗ್ವ್ರತದ ಐದು ಅತಿಚಾರಗಳು ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮ, ತಿರ್ಯಗ್ವ್ಯತಿಕ್ರಮ, ಕ್ಷೇತ್ರವೃದ್ಧಿ ಮತ್ತು ಎಲ್ಲೆಯ ಮರೆವು. ಒಂದು ದಿಕ್ಕಿನ ಅಳತೆಯನ್ನು ಕಡಿದು ಇನ್ನೊಂದು ದಿಕ್ಕಿಗೆ ಕೂಡಿಸುವುದನ್ನು ವ್ಯಾಖ್ಯಾನಕಾರರು ಕ್ಷೇತ್ರವೃದ್ಧಿಯಲ್ಲಿಯೇ ಸೇರಿಸುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ, ಲೋಭದ ಆವೇಶದಿಂದ ಗಡಿಯನ್ನು ಹೆಚ್ಚಿಸಿಕೊಳ್ಳುವ ಅಭಿಸಂಧಿಯೇ, ಎಂದರೆ ಅಂತಹ ಉದ್ದೇಶವೇ ದೋಷವೆಂದು ಹೇಳಿದ್ದಾರೆ. ವಿಮಾನ ಹತ್ತಿದ ದಿನ ವ್ರತಕ್ಕೆ ಕಳಂಕ ತಗಲುತ್ತದೆಂದು ಭಾವಿಸುವವರು ಈ ಮಾತನ್ನು ಗಮನಿಸಬೇಕು. ಮನೆಯ ಜಗಲಿಯ ಮೇಲೆ ಕುಳಿತು ಪೂರ್ವವನ್ನು ಪಶ್ಚಿಮಕ್ಕೆ ವರ್ಗಾಯಿಸುವ ಲೆಕ್ಕ ಹಾಕಿದಾಗಲೇ ಅದು ತಗಲಿರುತ್ತದೆ. ತ್ಯಾಗ ಮಾಡಿದ ವಸ್ತು ಜಮಾಖಾತೆಯಲ್ಲಿ ಉಳಿಯುವುದಿಲ್ಲ. ಶಿಖರ್ಜಿಯವರೆಗಿನ ಅವಕಾಶವು ಆಕೆ ಗಳಿಸಿಟ್ಟ ಸಂಪತ್ತಲ್ಲ, ಬಿಡಲಾರದೆ ಉಳಿಸಿಕೊಂಡದ್ದು. ಬಿಡಲಾರದೆ ಉಳಿಸಿಕೊಂಡದ್ದನ್ನು ತೋರಿಸಿ, ಬಿಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ?

ಎರಡನೆಯ ವಾದ ಇತಿಹಾಸದ್ದು. ದಿಗ್ವ್ರತವು ಹಡಗಿನಲ್ಲಿ ಹೋಗಿ ವ್ಯಾಪಾರ ಮಾಡುತ್ತಿದ್ದ ಶ್ರೇಷ್ಠಿಗಳ ಧನಲೋಭವನ್ನು ತಡೆಯಲು ಹುಟ್ಟಿದ್ದು, ಮೊಮ್ಮಕ್ಕಳೊಡನೆ ಕಡಲತೀರದಲ್ಲಿ ಕುಳಿತುಕೊಳ್ಳಲು ಹೊರಟ ಅಜ್ಜಿಗೆ ಅದು ಅನ್ವಯಿಸದು ಎಂಬುದು ಇದರ ತಾತ್ಪರ್ಯ. ಲೋಭವೆಂದರೆ ಹಣದ್ದೊಂದೇ ಎಂದು ತಿಳಿದವರ ಮಾತಿದು. ಕಣ್ಣಿಗೂ ಲೋಭವಿದೆ. ನೋಡದ ಸ್ಥಳವನ್ನು ನೋಡಿ ಮುಗಿಸಬೇಕೆಂಬ ತವಕ ಇಂದಿನ ಕಾಲದಲ್ಲಿ ಧನದ ತವಕಕ್ಕಿಂತ ಹೆಚ್ಚು ಜನರನ್ನು ಸಮುದ್ರ ದಾಟಿಸುತ್ತಿದೆ. ಸಮಂತಭದ್ರರು ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಕದಡುವುದು, ಗಿಡ ಕತ್ತರಿಸುವುದು ಇವುಗಳ ಸಾಲಿನಲ್ಲಿಯೇ ವೃಥಾ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಹೇಳಿದ್ದಾರೆ. ಯೋಜನೆಯ ನೇತೃತ್ವ ವಹಿಸಿದವರು 'ಇತರರನ್ನು ತಿರುಗಿಸುವ' ಎಂಬ ಭಾಗದ ಮೇಲೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಮೂರನೆಯದು ಪ್ರಾಯಶ್ಚಿತ್ತದ ವಾದ: ಹೋಗಿಬಂದ ಮೇಲೆ ಮಹಾರಾಜರ ಬಳಿ ನಿವೇದಿಸಿ ಉಪವಾಸ ಮಾಡಿದರಾಯಿತು. ಅಮಿತಗತಿ ಆಚಾರ್ಯರು ದೋಷದ ನಾಲ್ಕು ಮೆಟ್ಟಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿ ಅತಿಯಾಗಿ ಆಸಕ್ತವಾಗುವುದು ಅನಾಚಾರ. ಪ್ರಾಯಶ್ಚಿತ್ತವು ಜಾರಿದವರಿಗೆ ಇರುವ ಊರೆಗೋಲು. ಜಾರುವುದಕ್ಕೆ ಮುಂಚೆಯೇ ಊರೆಗೋಲನ್ನು ಕೊಂಡಿಟ್ಟುಕೊಂಡು, ಜಾರುವ ದಿನಾಂಕವನ್ನೂ ಟಿಕೆಟನ್ನೂ ನಿಶ್ಚಯಿಸಿಕೊಂಡವರು ಯಾವ ಮೆಟ್ಟಲಿನಲ್ಲಿ ನಿಂತಿದ್ದಾರೆಂಬುದನ್ನು ಹೇಳಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಮಗ ಸೊಸೆಯರನ್ನು ಧರ್ಮದ್ರೋಹಿಗಳೆಂದು ಜರೆಯುವುದು ಅನ್ಯಾಯವಾಗುತ್ತದೆ. ಅವರ ಪಕ್ಷದಲ್ಲಿ ಒಂದು ನಿಜವಾದ ದುಃಖವಿದೆ. ಎರಡು ಮೂರು ವರ್ಷಕ್ಕೊಮ್ಮೆ ಎರಡು ವಾರ ಊರಿಗೆ ಬರುವ ಮಕ್ಕಳು ಅಜ್ಜಿಯ ಮಡಿಲಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಹಿಂತಿರುಗುವ ದಿನ ಬಂದಿರುತ್ತದೆ. ತಾಯಿಯವರು ವ್ರತ ತೆಗೆದುಕೊಂಡಾಗ ಅದರ ಬೆಲೆಯನ್ನು ತಾನೊಬ್ಬಳೇ ತೆರುವೆನೆಂದು ತಿಳಿದಿದ್ದರು. ಈಗ ನೋಡಿದರೆ ಆ ಬೆಲೆಯ ಒಂದು ಪಾಲನ್ನು, ಅದನ್ನು ಒಪ್ಪಿಕೊಳ್ಳದ, ಅದರ ಅರ್ಥವೂ ತಿಳಿಯದ ಎರಡು ಮಕ್ಕಳು ತೆರುತ್ತಿವೆ. ವ್ರತದ ಮಹಿಮೆಯನ್ನು ಹೇಳುವ ಪ್ರವಚನಗಳಲ್ಲಿ ಈ ಸಂಗತಿ ಬರುವುದು ಕಡಿಮೆ. ಬರಬೇಕು. ಎಲ್ಲರೊಳಗೊಬ್ಬರಾಗಿ ಬಾಳುವ ಗೃಹಸ್ಥರ ತ್ಯಾಗವು ನೆರೆಯವರನ್ನು ತಾಗದೆ ಇರುವುದೇ ಇಲ್ಲ. ಉಪವಾಸದ ದಿನ ಮನೆಯ ಅಡಿಗೆಯ ಕ್ರಮ ಬದಲಾಗುವಂತೆ, ದಿಗ್ವ್ರತದಿಂದ ಮನೆಯ ಭೂಪಟವೇ ಬದಲಾಗುತ್ತದೆ. ಆದರೆ ಇದರಿಂದ ಸಿದ್ಧವಾಗುವುದು ವ್ರತ ತೆಗೆದುಕೊಳ್ಳುವ ಮುಂಚೆ ಮನೆಯವರೊಡನೆ ಮಾತನಾಡಿಕೊಳ್ಳಬೇಕು ಎಂಬುದಷ್ಟೇ. ತೆಗೆದುಕೊಂಡದ್ದನ್ನು ಬಿಡಬಹುದು ಎಂಬುದಲ್ಲ. ಪ್ರೀತಿಯಿಂದ ಒತ್ತಾಯಿಸುವವರು ಒಂದು ವಿಷಯವನ್ನು ತಿಳಿದಿರಬೇಕು. ಬೆದರಿಕೆಗೆ ಬಗ್ಗದ ಹೆಂಗಸು ಮೊಮ್ಮಗುವಿನ ಅಳುವಿಗೆ ಬಗ್ಗಬಹುದು. ಬಗ್ಗಿ ಹೋದ ಮೇಲೆ ಆಕೆ ಆ ಕಡಲತೀರದಲ್ಲಿ ಯಾವ ಮುಖದಿಂದ ಸಾಮಾಯಿಕಕ್ಕೆ ಕುಳಿತಾಳು? ಆಕೆಯನ್ನು ಅಂತಹ ಸ್ಥಿತಿಗೆ ತರುವುದು, ತಾವು ಸ್ವತಃ ಯಾವುದೋ ನಿಯಮವನ್ನು ಮುರಿಯುವುದಕ್ಕಿಂತ ಭಾರವಾದ ತಪ್ಪು.

ತಾಯಿಯ ವಿಷಯ ಇಷ್ಟು. ಹೋಗುವವರ ವಿಷಯ ಬೇರೆ. ದಿಗ್ವ್ರತವಿಲ್ಲದ ಶ್ರಾವಕನು ಸಮುದ್ರ ದಾಟಬಾರದೆಂದು ಶ್ರಾವಕಾಚಾರ ಹೇಳುವುದಿಲ್ಲ. ಭೋಗೋಪಭೋಗಕ್ಕೆ ಪರಿಮಾಣವಿರಲಿ ಎಂದು ಮಾತ್ರ ಹೇಳುತ್ತದೆ. ಆ ಪರಿಮಾಣವು ಜೀವನಪರ್ಯಂತವಾದರೆ ಯಮ, ಕಾಲನಿಯಮಿತವಾದರೆ ನಿಯಮ. ಇಲ್ಲಿ ಯೋಜನೆ ಮಾಡುವವರ ಮುಂದೆ ಮೊದಲು ಬರುವುದು 'ಆಲ್ ಇನ್‌ಕ್ಲೂಸಿವ್' ಎಂಬ ಹೋಟೆಲು ದರ. ವಸತಿ, ಊಟ, ಮದ್ಯ, ಆಟ ಎಲ್ಲಕ್ಕೂ ಸೇರಿಸಿ ಮೊದಲೇ ಒಂದು ಮೊತ್ತ ಕೊಟ್ಟುಬಿಟ್ಟರೆ ಬಳಿಕ ಎಷ್ಟು ಬೇಕಾದರೂ ಉಣ್ಣಬಹುದು, ಕುಡಿಯಬಹುದು. ಲೆಕ್ಕವಿಡಬೇಕಾಗಿಲ್ಲವೆಂಬುದೇ ಅದರ ಆಕರ್ಷಣೆ. ಪರಿಮಾಣವ್ರತಕ್ಕೆ ಇದಕ್ಕಿಂತ ನೇರವಾದ ವಿರೋಧವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಮದ್ಯ ಮಾಂಸಗಳನ್ನು ಮುಟ್ಟದ ಕುಟುಂಬವು ಅವುಗಳ ಬೆಲೆಯನ್ನು ಮುಂಗಡವಾಗಿ ತೆತ್ತು, ಪಕ್ಕದ ಮೇಜಿನವರ ಏಡಿಯ ಊಟಕ್ಕೂ ಕಬ್ಬಿನ ಹಾಲಿನ ರಮ್ಮಿಗೂ ಪಾಲುದಾರನಾಗುತ್ತದೆ. ಅಡಿಗೆಮನೆಯಿರುವ ಸಣ್ಣ ಬಾಡಿಗೆ ಮನೆಗಳೂ ಟೊಬೇಗೊದಲ್ಲಿ ದೊರೆಯುತ್ತವೆ. ಶ್ರಾವಕರಿಗೆ ಯೋಗ್ಯವಾದುದು ಅದು. ಅಕ್ಕಿ, ಬೇಳೆ, ನೀರು ಸೋಸುವ ಬಟ್ಟೆ ಜೊತೆಗಿದ್ದರೆ ಅರ್ಧ ಚಿಂತೆ ಕಳೆಯಿತು.

ಆಹಾರದ ವಿಷಯದಲ್ಲಿ ಆ ದೇಶ ಸಂಪೂರ್ಣ ಪರಕೀಯವಲ್ಲ. ೧೮೪೫ರ ಮೇ ೩೦ರಂದು ಕಲ್ಕತ್ತೆಯಿಂದ ಹೊರಟ 'ಫತೆಲ್ ರಜಾಕ್' ಹಡಗು ಭಾರತೀಯ ಕೂಲಿಗಳ ಮೊದಲ ತಂಡವನ್ನು ಟ್ರಿನಿಡಾಡಿನಲ್ಲಿ ಇಳಿಸಿತು. ಆಫ್ರಿಕದಿಂದ ತಂದ ಗುಲಾಮರಿಗೆ ೧೮೩೮ರಲ್ಲಿ ಪೂರ್ಣ ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಜನ ಬೇಕಾಗಿದ್ದರು. ೧೯೧೭ರಲ್ಲಿ ಆ ಪದ್ಧತಿ ನಿಲ್ಲುವವರೆಗೆ ಸುಮಾರು ೧ ಲಕ್ಷ ೪೪ ಸಾವಿರ ಭಾರತೀಯರು, ಹೆಚ್ಚಾಗಿ ಉತ್ತರ ಹಿಂದೂಸ್ಥಾನದ ಬಡವರು, ಕರಾರಿಗೆ ಹೆಬ್ಬೆಟ್ಟೊತ್ತಿ ಅಲ್ಲಿಗೆ ಹೋದರು. ಅವರು ದಾಟಿದ್ದು ವಿಹಾರಕ್ಕಾಗಿ ಅಲ್ಲ. ಅವರ ವಂಶದವರಿಂದ ಇಂದಿಗೂ ಟ್ರಿನಿಡಾಡಿನಲ್ಲಿ ದಾಲ್‌ಪೂರಿ ಇದೆ, ಎರಡು 'ಬಾರಾ'ಗಳ ನಡುವೆ ಕಡಲೆಯ ಪಲ್ಯವಿಟ್ಟು ಕೊಡುವ 'ಡಬಲ್ಸ್' ಎಂಬ ಬೀದಿತಿಂಡಿ ಇದೆ. ೧೯೬೬ರಿಂದ ದೀಪಾವಳಿಗೆ ರಾಷ್ಟ್ರೀಯ ರಜೆಯಿದೆ. ಟೊಬೇಗೊದಲ್ಲಿ ಆಫ್ರಿಕ ಮೂಲದವರೇ ಬಹುಸಂಖ್ಯಾತರಾದರೂ ಈ ತಿಂಡಿಗಳು ಅಪರಿಚಿತವಲ್ಲ. ಮಾಂಸವಿಲ್ಲವೆಂದ ಮಾತ್ರಕ್ಕೆ ಶ್ರಾವಕರಿಗೆ ಸಲ್ಲುವುದೆಂದಲ್ಲ. ಬೆಳ್ಳುಳ್ಳಿ, ಆಲೂಗಡ್ಡೆ, ಹುದುಗಿಸಿದ ಹಿಟ್ಟು ಇವುಗಳ ವಿಚಾರ ಮಾಡಬೇಕು. ರಾತ್ರಿಭೋಜನತ್ಯಾಗವುಳ್ಳವರಿಗೆ ಒಂದು ಅನುಕೂಲವಿದೆ. ವರ್ಷವೆಲ್ಲ ಅಲ್ಲಿ ಸೂರ್ಯಾಸ್ತವು ಸುಮಾರು ಸಂಜೆ ಐದೂವರೆಗೂ ಆರೂವರೆಗೂ ನಡುವೆ ಆಗುತ್ತದೆ. ಹೊತ್ತು ತಿಳಿಯುವುದು ಸುಲಭ. ಹೋಟೆಲುಗಳ ರಾತ್ರಿಯ ಊಟ ಆರಂಭವಾಗುವುದೇ ಆ ಬಳಿಕವಾದ್ದರಿಂದ ಸ್ವಂತ ಅಡಿಗೆಯ ಮಾತು ಮತ್ತೊಮ್ಮೆ ಮುಂದೆ ಬರುತ್ತದೆ.

ಕಾಲದ ಆಯ್ಕೆಯಲ್ಲಿ ಒಂದು ಸೋಜಿಗವಿದೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಆ ದ್ವೀಪಗಳಲ್ಲಿ ದರಗಳು ಏರಿರುತ್ತವೆ. ಬೇಸಿಗೆಯ ಶಾಲಾರಜೆಯಲ್ಲಿ ಹೋದರೆ ಅಗ್ಗ. ಏಕೆ ಅಗ್ಗವೆಂದರೆ ಜೂನ್ ೧ರಿಂದ ನವೆಂಬರ್ ೩೦ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳ ಕಾಲ. ಟೊಬೇಗೊ ಅವುಗಳ ಸಾಮಾನ್ಯ ಹಾದಿಗೆ ದಕ್ಷಿಣದಲ್ಲಿದ್ದರೂ ೧೯೬೩ರ 'ಫ್ಲೋರಾ' ಚಂಡಮಾರುತ ಅದರ ಅಡವಿಯನ್ನೂ ತೋಟಗಳನ್ನೂ ನೆಲಸಮ ಮಾಡಿತು. ನಮ್ಮ ಚಾತುರ್ಮಾಸ್ಯ ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ ಬರುತ್ತದೆ. ದಶಲಕ್ಷಣಪರ್ವವೂ ಇದರೊಳಗೇ. ಮುನಿಗಳು ನಡಿಗೆಯನ್ನು ನಿಲ್ಲಿಸಿ, ಶ್ರಾವಕರು ಓಡಾಟವನ್ನು ಕಡಿಮೆ ಮಾಡಬೇಕಾದ ಕಾಲದಲ್ಲಿ ಗೃಹಸ್ಥನನ್ನು ಟಿಕೆಟಿನ ಅಗ್ಗದ ದರ ಕೈಬೀಸಿ ಕರೆಯುತ್ತದೆ. ಹಣ ಉಳಿಯುವುದು ನಿಜ. ಯಾವ ಖಾತೆಯಿಂದ ಉಳಿಯುತ್ತದೆ, ಯಾವ ಖಾತೆಗೆ ಖರ್ಚು ಬೀಳುತ್ತದೆ ಎಂಬುದನ್ನು ಕೂಡಿಸಿ ನೋಡಬೇಕಷ್ಟೆ.

ಇನ್ನು ದ್ವೀಪದ ಸುಖಗಳು. ಲೋಕಮೂಢತೆಯನ್ನು ಹೇಳುವಾಗ ಸಮಂತಭದ್ರರು ನದೀಸಾಗರಗಳಲ್ಲಿ ಮೀಯುವುದನ್ನೂ ಮರಳು ಕಲ್ಲುಗಳ ರಾಶಿ ಮಾಡುವುದನ್ನೂ ಒಟ್ಟಿಗೆ ಹೇಳಿದ್ದಾರೆ. ಕಡಲತೀರದಲ್ಲಿ ದೊಡ್ಡವರು ಮಾಡುವುದು ಮೊದಲನೆಯದನ್ನು, ಮಕ್ಕಳು ಮಾಡುವುದು ಎರಡನೆಯದನ್ನು! ಧರ್ಮವೆಂದು ಭಾವಿಸಿ ಮಾಡಿದಾಗ ಮಾತ್ರ ಅದು ಮೂಢತೆ. ಆಟಕ್ಕಾಗಿ ಮಾಡಿದರೆ ಮೂಢತೆಯ ದೋಷವಿಲ್ಲ, ಪ್ರಮಾದದ ದೋಷವಿದೆ. ಮರಳುಗುಡ್ಡೆಯನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಹವಳದ ದಿಬ್ಬದ ಮಾತು ಹಾಗಲ್ಲ. ಮೂಲಾಚಾರದಲ್ಲಿ ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಿದ್ದಾರೆ. ಇಂದಿನ ಪ್ರಾಣಿಶಾಸ್ತ್ರ ಹವಳದ ದಿಬ್ಬವನ್ನು ಸಣ್ಣ ಪ್ರಾಣಿಗಳ ಬೀಡೆಂದು ತಿಳಿಸುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಅದು ಜೀವವುಳ್ಳದ್ದು, ತುಳಿಯಬಾರದ್ದು. ಬುಕ್ಕೂ ದಿಬ್ಬವನ್ನು ೧೯೭೩ರಲ್ಲಿ ನಿರ್ಬಂಧಿತ ಪ್ರದೇಶವೆಂದು ಘೋಷಿಸಿದರು. ೨೦೦೫ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಆದರೂ ಹಿಂದೆ ಪ್ರವಾಸಿಗಳು ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿಕೊಂಡು ಅದರ ಮೇಲೆಯೇ ನಡೆದಾಡುತ್ತಿದ್ದುದರ ಗಾಯ ಉಳಿದಿದೆ. ಕಡಲು ಕಾದು ಹವಳ ಬಿಳಿಚುವ ರೋಗ ೨೦೦೫ರಲ್ಲಿ ಕೆರೀಬಿಯನ್ ಸಮುದ್ರವನ್ನೆಲ್ಲ ಬಾಧಿಸಿತು. ೨೦೨೪ರ ಫೆಬ್ರವರಿಯಲ್ಲಿ ಮಗುಚಿದ ಒಂದು ದೋಣಿಯಿಂದ ಎಣ್ಣೆ ಸೋರಿ ಟೊಬೇಗೊದ ತೀರಕ್ಕೆ ಬಳಿದುಕೊಂಡಿತು. ದೂರದಿಂದ ವಿಮಾನದಲ್ಲಿ ಬಂದು, ನೀರಿಗಿಳಿದು ದಿಬ್ಬದ ಸೊಬಗನ್ನು ನೋಡುವವರು ಅದರ ರೋಗಕ್ಕೆ ತಾವೂ ಒಂದಿಷ್ಟು ಕಾರಣರೆಂಬುದು ಅಹಿತವಾದ ಸತ್ಯ. ಮಾರ್ಚಿಯಿಂದ ಆಗಸ್ಟಿನವರೆಗೆ ರಾತ್ರಿಯ ವೇಳೆ ಮುನ್ನೂರು ಕಿಲೋಗೂ ಮೀರಿದ ತೊಗಲುಬೆನ್ನಿನ ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಹೋಟೆಲುಗಳ ದೀಪಕ್ಕೆ ಮರುಳಾಗಿ ಮರಿಗಳು ಕಡಲಿನ ದಿಕ್ಕನ್ನು ತಪ್ಪುತ್ತವೆ. ಬೆಟ್ಟಸಾಲಿನ ಅಡವಿಯಾದರೋ ನೋಡತಕ್ಕದ್ದು. ಮರಗಳು ಮಳೆಯನ್ನು ಕಾಯುತ್ತವೆಂಬ ನಂಬಿಕೆಯಿಂದ ೧೭೭೬ರಲ್ಲಿಯೇ ಅದನ್ನು ಕಡಿಯದಂತೆ ಕಾಯಿದೆಯಿಂದ ಕಾದಿರಿಸಿದರು. ಸುತ್ತಲೂ ಮನುಷ್ಯರನ್ನೇ ಕೊಂಡು ಮಾರುತ್ತಿದ್ದ ಕಾಲದಲ್ಲಿ ಒಂದು ಬೆಟ್ಟದ ಮರಗಳಿಗೆ ಎಲ್ಲೆ ಹಾಕಿ ಅಭಯ ಕೊಟ್ಟ ಆ ವಿಚಿತ್ರವನ್ನು ಕುರಿತು ಯೋಚಿಸುವುದಕ್ಕೆ ಅಲ್ಲಿ ಒಂದು ದಿನ ನಡೆದಾಡಿದರೂ ತಪ್ಪಿಲ್ಲ.

ಹೋಗುವ ತಂದೆಗೆ ದೇಶವ್ರತವು ಉಪಯುಕ್ತವಾದುದು. ಮನೆ, ಬೀದಿ, ಊರು, ಹೊಲ, ಹೊಳೆ ಇವುಗಳಿಂದ ಕ್ಷೇತ್ರವನ್ನೂ, ದಿನ, ಪಕ್ಷ, ಮಾಸ, ನಾಲ್ಕು ತಿಂಗಳು ಇತ್ಯಾದಿಗಳಿಂದ ಕಾಲವನ್ನೂ ಕಟ್ಟಿಕೊಳ್ಳುವ ವ್ರತವಿದು. ಊರಿನಲ್ಲಿಯೇ ಆಚರಿಸಬೇಕೆಂಬ ನಿಯಮವಿಲ್ಲ. 'ಇಂದು ಈ ಬಾಡಿಗೆ ಮನೆ, ಇದರ ಮುಂದಿನ ಮರಳು, ಅಂಗಡಿಯವರೆಗಿನ ರಸ್ತೆ. ನೀರಿಗೆ ಇಳಿಯುವುದಿಲ್ಲ' ಎಂದು ಬೆಳಿಗ್ಗೆ ಸಂಕಲ್ಪಿಸಿದ ಹಿರಿಯರು ವಿಹಾರದ ನಡುವೆಯೂ ವ್ರತಿಗಳೇ. ಮೊಮ್ಮಕ್ಕಳಿಗೆ ಇದು ಆಟದಂತೆ ಕಂಡೀತು, ಕಾಣಲಿ. ಎಲ್ಲೆ ಹಾಕಿಕೊಂಡು ಕುಳಿತ ಅಜ್ಜನ ಹತ್ತಿರ ಮಕ್ಕಳಿಗೆ ಸಿಗುವಷ್ಟು ಹೊತ್ತು, ದೋಣಿಯಿಂದ ದೋಣಿಗೆ ಹಾರುವ ಅಜ್ಜನ ಹತ್ತಿರ ಸಿಗಲಾರದು.

ಮನೆಯಲ್ಲಿ ಉಳಿದ ತಾಯಿಯವರ ಪರೀಕ್ಷೆ ಹೋಗದೆ ಇದ್ದುದರಿಂದ ಮುಗಿಯುವುದಿಲ್ಲ. ಅವರು ಚಾತುರ್ಮಾಸ್ಯದಲ್ಲಿ ದೇಶವ್ರತವನ್ನೂ ಹಿಡಿಯುವವರಾದರೆ ಅದರ ಅತಿಚಾರಗಳು ಐದು: ಎಲ್ಲೆಯ ಹೊರಗಿನದನ್ನು ತರಿಸುವುದು, ಹೊರಗೆ ಆಳನ್ನು ಕಳುಹಿಸುವುದು, ಶಬ್ದದಿಂದ ಸನ್ನೆ ಮಾಡುವುದು, ರೂಪವನ್ನು ತೋರಿಸುವುದು, ಕಲ್ಲು ಮೊದಲಾದುವನ್ನು ಎಸೆದು ಸೂಚಿಸುವುದು. ಕೈಯಲ್ಲಿ ಹಿಡಿದ ಫೋನಿನಲ್ಲಿ ಮುಖವನ್ನು ನೋಡಿ ಮಾತನಾಡುವ ಈ ಕಾಲಕ್ಕೆಂದೇ ಬರೆದಂತಿದೆ ಈ ಪಟ್ಟಿ. ಹಾಗಾದರೆ ಮಗನ ಕರೆ ಬಂದಾಗ ಫೋನು ತೆಗೆಯಬಾರದೆ? ಪೂಜ್ಯಪಾದರ ವಿವರಣೆಯಲ್ಲಿ ಶಬ್ದಾನುಪಾತವೆಂದರೆ ಎಲ್ಲೆಯ ಹೊರಗೆ ಕೆಲಸ ಮಾಡುವವರನ್ನು ಕುರಿತು ಕೆಮ್ಮಿ ಎಚ್ಚರಿಸುವಂತಹದು. ತಾನು ಒಳಗಿದ್ದು ತನ್ನ ಕಾರ್ಯವನ್ನು ಹೊರಗೆ ಸಾಧಿಸಿಕೊಳ್ಳುವ ಉಪಾಯ. ಮಗುವಿನ ಧ್ವನಿ ಕೇಳುವುದರಲ್ಲಿ ಕಾರ್ಯಸಾಧನೆಯಿಲ್ಲ. "ಅಲ್ಲಿ ಸ್ವಲ್ಪ ಮುಂದೆ ಹೋಗಪ್ಪ, ಆ ಹವಳ ತೋರಿಸು, ಆಮೆ ಬರುವ ಜಾಗಕ್ಕೆ ಕರೆದುಕೊಂಡು ಹೋಗು" ಎಂದು ಇಲ್ಲಿ ಕುಳಿತು ಮಗನ ಕಾಲುಗಳಿಂದ ನಡೆಯತೊಡಗಿದರೆ ಮಾತು ಬೇರೆಯಾಗುತ್ತದೆ. ಹಾಗೆಯೇ ಶಂಖ. ಆ ತೀರಗಳ ದೊಡ್ಡ ಗುಲಾಬಿ ಬಣ್ಣದ ಶಂಖ ಬಹಳ ಚೆಲುವಾದುದು. ನೆನಪಿಗೆಂದು ಒಂದನ್ನು ತರಲು ಹೇಳುವುದು ಯಾವ ತಾಯಿಗಾದರೂ ಸಹಜ. ಶಂಖವು ದ್ವೀಂದ್ರ್ಯಜೀವಕ್ಕೆ ನಮ್ಮ ಗ್ರಂಥಗಳು ಕೊಡುವ ಉದಾಹರಣೆ. ಅತಿಯಾಗಿ ಹಿಡಿದು ಅದರ ಸಂಖ್ಯೆ ಕುಗ್ಗಿದ್ದರಿಂದ ೧೯೯೨ರಿಂದ ಅದರ ವ್ಯಾಪಾರವು ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಯಲ್ಲಿದೆ. ತರಿಸಿದರೆ ಆನಯನದ ದೋಷವೂ ಹಿಂಸೆಯ ಅನುಮೋದನೆಯೂ ಒಟ್ಟಿಗೆ ಮನೆಗೆ ಬರುತ್ತವೆ.

ಹೋಗಲಾಗದ ದ್ವೀಪವೊಂದರ ನೆನಪು ಶ್ರಾವಿಕೆಯರಿಗೆ ಹೊಸದಲ್ಲ. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕದಲ್ಲಿ ಅವರು ಎಂಟನೆಯ ದ್ವೀಪವಾದ ನಂದೀಶ್ವರವನ್ನು ಪೂಜಿಸುತ್ತಾರೆ. ದೇವತೆಗಳು ಅಲ್ಲಿಗೆ ಹೋಗುತ್ತಾರೆ. ಮಾನುಷೋತ್ತರ ಪರ್ವತದಾಚೆಗೆ ಮನುಷ್ಯರಿಗೆ ಗಮನವಿಲ್ಲ. ಅಲ್ಲಿಯ ಐವತ್ತೆರಡು ಜಿನಾಲಯಗಳನ್ನು ಬಸದಿಯ ಒಳಗೆ, ತಟ್ಟೆಯ ಮೇಲೆ ಅಕ್ಷತೆಯಲ್ಲಿ ಇಟ್ಟು ಎಣಿಸುತ್ತಾರೆ. ಮಗನ ಪ್ರವಾಸದ ವಾರ ಫಾಲ್ಗುಣದಲ್ಲಿ ಬಂದರೆ ತಾಯಿಯವರಿಗೆ ಆ ಎಂಟು ದಿನ ಬಿಡುವೂ ಇರುವುದಿಲ್ಲ.

ಉಳಿಯುವುದು ತಿಥಿಯ ಪ್ರಶ್ನೆ. ಟೊಬೇಗೊದ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ತಿಥಿ ಆರಂಭವಾಗುವ ಮತ್ತು ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ ಆದರೂ ಅದು ಯಾವ ಸೂರ್ಯೋದಯಕ್ಕೆ ಸಿಗುತ್ತದೆಂಬುದು ಸ್ಥಳದಿಂದ ಸ್ಥಳಕ್ಕೆ ಬೇರೆ. ಇಲ್ಲಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಿಡಿದು ಮಂಗಳವಾರ ಎಂಟಕ್ಕೆ ಬಿಡುವ ಚತುರ್ದಶಿಯು ನಮ್ಮ ಮಂಗಳವಾರದ ಸೂರ್ಯೋದಯಕ್ಕೂ ಅಲ್ಲಿಯ ಸೋಮವಾರದ ಸೂರ್ಯೋದಯಕ್ಕೂ ಇರುತ್ತದೆ. ಆದ್ದರಿಂದ ಪ್ರವಾಸ ಹೊರಟವರು ಹಾಸನದ ಪಂಚಾಂಗದ ವಾರವನ್ನು ನೋಡದೆ ಇಳಿದ ಊರಿನ ಸೂರ್ಯೋದಯವನ್ನು ನೋಡಿ ಪ್ರೋಷಧವನ್ನು ಹಿಡಿಯತಕ್ಕದ್ದು. ತಂದೆಯ ಉಪವಾಸ ಸೋಮವಾರ ಆಗುತ್ತದೆ, ತಾಯಿಯದು ಮಂಗಳವಾರ.